ಟೇಬಲ್ ಪಕ್ಕದಲ್ಲಿ ನಿಲ್ಲುವವರು: ರೋಬೋಟಿಕ್ ಎದೆ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿ ಒಂದು ಪ್ರಕರಣ

ಇಲ್ಲಿ ವಿವರಿಸಿರುವ ಪ್ರಕರಣ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದು ಬೋಧನಾ ಆಸ್ಪತ್ರೆಗೆ ಸಂಬಂಧಿಸಿದ್ದು. ರೋಗಿ, ವೈದ್ಯರು ಮತ್ತು ಸಂಸ್ಥೆಯ ಗುರುತು ಸಿಗದಂತೆ ಊರು, ವಯಸ್ಸು, ಕಾಲ ಮುಂತಾದ ವಿವರಗಳನ್ನು ಬದಲಿಸಲಾಗಿದೆ. ವೈದ್ಯಕೀಯ ನಿರ್ಧಾರಗಳನ್ನೂ ಅವುಗಳ ಹಿಂದಿದ್ದ ವಾದಗಳನ್ನೂ ಇದ್ದಂತೆಯೇ ಉಳಿಸಲಾಗಿದೆ. ಕಲಿಸುತ್ತಿದ್ದ ಶಸ್ತ್ರವೈದ್ಯರನ್ನು ‘ಹಿರಿಯರು’ ಎಂದೂ, ಎಂಸಿಎಚ್ (ಶಸ್ತ್ರಚಿಕಿತ್ಸೆಯ ಉನ್ನತ ಪದವಿ) ವ್ಯಾಸಂಗದಲ್ಲಿದ್ದ ಶಸ್ತ್ರವೈದ್ಯೆಯನ್ನು ‘ಕಿರಿಯ ವೈದ್ಯೆ’ ಎಂದೂ ಕರೆದಿದ್ದೇನೆ. ನಾನು ಆ ತಂಡದ ಅರಿವಳಿಕೆ ತಜ್ಞ ಮತ್ತು ತರಬೇತಿ ಸಮಿತಿಯ ಸದಸ್ಯ. ರೋಗಿಯ ತಲೆಯ ಬದಿಯಲ್ಲಿ ಕುಳಿತವನಿಗೆ ರೋಬೋಟನ್ನು ನಡೆಸುವ ಕನ್ಸೋಲೂ ಕಾಣುತ್ತದೆ, ರೋಗಿ ಮಲಗಿರುವ ಟೇಬಲ್ಲೂ ಕಾಣುತ್ತದೆ; ಈ ಬರಹವನ್ನು ನಾನೇ ಬರೆಯಬೇಕೆಂದು ತಂಡದವರು ಹೇಳಿದ್ದಕ್ಕೆ ಕಾರಣ ಅದೇ ಇರಬೇಕು.

ಹಿನ್ನೆಲೆ

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವ ಎದೆಯ ರೋಗಿಗಳಲ್ಲಿ ಬಹಳಷ್ಟು ಜನರ ಕಾಯಿಲೆ ಹಳೆಯ ಕ್ಷಯದಿಂದ ಆರಂಭವಾದದ್ದು. ಆರು ತಿಂಗಳ ಮಾತ್ರೆ ಮುಗಿಸಿ, ಕಫದಲ್ಲಿ ರೋಗಾಣು ಇಲ್ಲವೆಂಬ ವರದಿ ಪಡೆದು ಹೊಲ-ಮನೆಗೆ ಮರಳಿದವರಲ್ಲಿ ಕೆಲವರಿಗೆ ಎಷ್ಟೋ ವರ್ಷಗಳ ನಂತರ ಕೆಮ್ಮು, ನಾರುವ ಕಫ, ಕಫದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ರೋಗಾಣು ಸತ್ತರೂ ಅದು ಮಾಡಿಹೋದ ಹಾನಿ ಉಳಿದಿರುತ್ತದೆ: ಶ್ವಾಸನಾಳದ ಕವಲುಗಳು ಹಿಗ್ಗಿ ಕಫ ಮಡುಗಟ್ಟುವ ಬ್ರಾಂಕಿಯೆಕ್ಟೇಸಿಸ್, ಹಳೆಯ ಪೊಳ್ಳಿನಲ್ಲಿ ಬೆಳೆಯುವ ಶಿಲೀಂಧ್ರದ ಗಡ್ಡೆ, ಎದೆಗೋಡೆಗೆ ಅಂಟಿಕೊಂಡ ಶ್ವಾಸಕೋಶ, ರಕ್ತನಾಳಗಳ ಮಗ್ಗುಲಲ್ಲಿ ಸುಣ್ಣಗಟ್ಟಿ ಕಲ್ಲಾದ ದುಗ್ಧರಸ ಗ್ರಂಥಿಗಳು. ರೋಬೋಟಿಕ್ ಎದೆ ಶಸ್ತ್ರಚಿಕಿತ್ಸೆಯ ಪಠ್ಯಕ್ರಮಗಳು ಬೆಳೆದದ್ದು ಬಹುಮಟ್ಟಿಗೆ ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರನ್ನು ಎದುರಿಗಿಟ್ಟುಕೊಂಡು. ಅಲ್ಲಿ ರಕ್ತನಾಳದ ಸುತ್ತಲಿನ ಪದರಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಬರುತ್ತವೆ. ನಮ್ಮ ರೋಗಿಗಳಲ್ಲಿ ಹಾಗಿಲ್ಲ, ಮತ್ತು ಕಲಿಯುವವರಿಗೆ ಕೊಡಬಹುದಾದ ‘ಸುಲಭದ ಕೇಸು’ ಎಂಬುದನ್ನು ಸಿಟಿ ಸ್ಕ್ಯಾನ್ ಒಂದನ್ನೇ ನೋಡಿ ನಿರ್ಧರಿಸಲು ಆಗುವುದಿಲ್ಲ.

ಯಂತ್ರದ ಬಗ್ಗೆ, ಈ ವಿಭಾಗದವರಲ್ಲದ ಓದುಗರಿಗಾಗಿ, ನಾಲ್ಕು ಮಾತು. ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ 2000ದಲ್ಲಿ ದ ವಿಂಚಿ ಯಂತ್ರಕ್ಕೆ ಲ್ಯಾಪರೋಸ್ಕೋಪಿಕ್ (ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಮಾಡುವ) ಶಸ್ತ್ರಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಶ್ವಾಸಕೋಶದ ಹಾಲೆಯನ್ನು (ಅದರ ದೊಡ್ಡ ಭಾಗಗಳಲ್ಲೊಂದನ್ನು) ರೋಬೋಟ್ ನೆರವಿನಿಂದ ತೆಗೆದ ವರದಿಗಳು 2002ರ ಹೊತ್ತಿಗೆ ಬಂದವು. ಈಗ ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರದಂಥ ದೇಶೀ ಯಂತ್ರಗಳೂ ಇವೆ. ಹೆಸರು ರೋಬೋಟ್ ಎಂದಿದ್ದರೂ ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ. ಪಕ್ಕೆಲುಬುಗಳ ನಡುವೆ ಸುಮಾರು 8 ಮಿಲಿಮೀಟರಿನ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಮಣಿಕಟ್ಟಿನಂತೆ ತಿರುಗುವ ಉಪಕರಣಗಳನ್ನೂ ಒಳಗಿಟ್ಟು, ಕೋಣೆಯ ಇನ್ನೊಂದು ಮೂಲೆಯ ಕನ್ಸೋಲಿನಲ್ಲಿ ಕುಳಿತ ಶಸ್ತ್ರವೈದ್ಯರು ತಮ್ಮ ಬೆರಳು ಮತ್ತು ಪಾದಗಳಿಂದ ಅವನ್ನು ನಡೆಸುತ್ತಾರೆ. ಈ ವ್ಯವಸ್ಥೆಯ ಎರಡು ಸಂಗತಿಗಳು ಮುಂದಿನ ಕಥನಕ್ಕೆ ಬೇಕು. ಮೊದಲನೆಯದು, ಕನ್ಸೋಲಿನಲ್ಲಿ ಕುಳಿತವರು ಕೈ ತೊಳೆದು ಗೌನು ತೊಟ್ಟವರಲ್ಲ. ರೋಗಿಯನ್ನು ಮುಟ್ಟಬೇಕಾದರೆ ಎದ್ದು, ತೊಳೆದು, ತೊಟ್ಟು ಬರಬೇಕು. ಎರಡನೆಯದು, ನಮ್ಮಲ್ಲಿರುವ ಪೀಳಿಗೆಯ ಯಂತ್ರದಲ್ಲಿ ಸ್ಪರ್ಶದ ಅನುಭವ ಕೈಗೆ ಬರುವುದಿಲ್ಲ. ಎಳೆತ ಎಷ್ಟಿದೆಯೆಂಬುದನ್ನು ಕಣ್ಣಿನಿಂದಲೇ ಊಹಿಸಬೇಕು. ಬಲದ ಅನುಭವವನ್ನು ಬೆರಳಿಗೆ ಮುಟ್ಟಿಸುವ ಏರ್ಪಾಡು 2024ರಲ್ಲಿ ಒಪ್ಪಿಗೆ ಪಡೆದ ದ ವಿಂಚಿ 5ರಲ್ಲಿ ಬಂದಿದೆ. ಅದು ನಮ್ಮ ಊರಿನ ಮಟ್ಟಿಗೆ ಇನ್ನೂ ದೂರದ ಮಾತು. ನಮ್ಮಲ್ಲಿರುವುದು ಒಂದೇ ಕನ್ಸೋಲ್. ಎರಡು ಕನ್ಸೋಲ್ ಇರುವ ಕಡೆ ಗುರು ತನ್ನ ಜಾಗದಿಂದಲೇ ಉಪಕರಣವನ್ನು ವಶಕ್ಕೆ ತೆಗೆದುಕೊಳ್ಳಬಲ್ಲರು. ನಮ್ಮಲ್ಲಿ ಶಿಷ್ಯರು ಎದ್ದು ಜಾಗ ಬಿಡಬೇಕು.

ಸಮಸ್ಯೆ

ಕಿರಿಯ ವೈದ್ಯೆ ಗದಗ ಜಿಲ್ಲೆಯವರು. ಅಭ್ಯಾಸಕ್ಕೆಂದಿರುವ ಸಿಮ್ಯುಲೇಟರಿನಲ್ಲಿ ಅವರ ಅಂಕ ತಂಡದಲ್ಲೇ ಮೇಲಿನದು. ಕ್ಯಾಮೆರಾ ನಡೆಸುವುದು, ಉಂಗುರವನ್ನು ವಕ್ರ ತಂತಿಯ ಮೇಲೆ ತಾಗದಂತೆ ಸಾಗಿಸುವುದು, ಸೂಜಿ ಹಾಕುವುದು, ಎಲ್ಲದರಲ್ಲೂ ನಿಗದಿತ ಮಟ್ಟ ದಾಟಿದ್ದರು. ಆ ಅಂಕಗಳ ಆಧಾರದ ಮೇಲೆ ಅವರನ್ನು ನೇರವಾಗಿ ಕನ್ಸೋಲಿಗೆ ಕೂಡಿಸಲಾಯಿತು. ಯಂತ್ರವನ್ನು ಮೂತ್ರಾಂಗ ವಿಭಾಗ, ಸ್ತ್ರೀರೋಗ ವಿಭಾಗಗಳ ಜತೆ ಹಂಚಿಕೊಳ್ಳಬೇಕಾದ್ದರಿಂದ ಎದೆ ಶಸ್ತ್ರಚಿಕಿತ್ಸೆಗಳ ಪಟ್ಟಿಗೆ ಸಿಗುತ್ತಿದ್ದ ಸಮಯ ಕಡಿಮೆ, ಆ ಕಡಿಮೆಯಲ್ಲೇ ಕಲಿಸಬೇಕೆಂಬ ಆತುರ ಎಲ್ಲರಿಗೂ ಇತ್ತು.

ಮೊದಲ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಆದದ್ದೇ ಬೇರೆ. ಅಂಟಿಕೊಂಡ ಶ್ವಾಸಕೋಶವನ್ನು ಹಿಡಿದೆಳೆದಾಗ ಮೇಲ್ಮೈ ಹರಿಯುತ್ತಿತ್ತು. ಹಿರಿಯರು “ಏಳ್ರಿ, ಏಳ್ರಿ” ಎಂದು ಎಬ್ಬಿಸಿ ತಾವೇ ಕೂರುತ್ತಿದ್ದರು. ಉಳಿದ ಕೆಲಸವೆಲ್ಲ ಅವರ ಕೈಯಲ್ಲೇ ಮುಗಿಯುತ್ತಿತ್ತು. ಏಕೆ ಎಬ್ಬಿಸಿದರೆಂಬುದರ ಚರ್ಚೆ ಓಟಿಯಲ್ಲಿ (ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ) ಆಗುತ್ತಿರಲಿಲ್ಲ, ಆಮೇಲೂ ಆಗುತ್ತಿರಲಿಲ್ಲ. ಕ್ರಮೇಣ ಕಿರಿಯ ವೈದ್ಯೆ ಎಷ್ಟು ಮೆಲ್ಲಗೆ ಕೆಲಸ ಮಾಡತೊಡಗಿದರೆಂದರೆ, ಒಂದೇ ಶ್ವಾಸಕೋಶದ ಮೇಲೆ ರೋಗಿಯನ್ನು ಉಸಿರಾಡಿಸುತ್ತ ಕುಳಿತ ನನಗೆ ಅದೇ ಚಿಂತೆಯ ವಿಷಯವಾಯಿತು. ಒಂದು ಹಂತದಲ್ಲಿ ಹಿರಿಯರು ಅವರಿಗೆ ಕನ್ಸೋಲ್ ಕೊಡುವುದನ್ನೇ ನಿಲ್ಲಿಸಿದರು. ವಿಷಯ ಸಮಿತಿಯ ಮುಂದೆ ಬಂದದ್ದು ಆಗ.

ಪ್ರಯತ್ನ

ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಸಿಮ್ಯುಲೇಟರಿನ ಗಂಟೆಗಳನ್ನು ಹೆಚ್ಚಿಸಿದರೆ ಸಾಕು ಎಂಬುದು ಒಂದು. ಕನ್ಸೋಲಿನ ಕೌಶಲವನ್ನು ಅಳೆಯುವ ಗಿಯರ್ಸ್ ಎಂಬ ಮಾಪನ 2012ರಲ್ಲಿ ಪ್ರಕಟವಾಗಿದೆ. ಆಳದ ಅರಿವು, ಎರಡೂ ಕೈಗಳ ಹೊಂದಾಣಿಕೆ, ದಕ್ಷತೆ, ಬಲದ ಎಚ್ಚರ, ಸ್ವತಂತ್ರವಾಗಿ ಕೆಲಸ ಮಾಡುವ ಶಕ್ತಿ, ಯಂತ್ರದ ನಿಯಂತ್ರಣ ಎಂಬ ಆರು ಅಂಶಗಳಿಗೆ ಅದರಲ್ಲಿ ಅಂಕಗಳಿವೆ. ಕಿರಿಯ ವೈದ್ಯೆಯ ವಿಡಿಯೊಗಳನ್ನು ಅದರ ಪ್ರಕಾರ ನೋಡಿದಾಗ ಕೊರತೆ ಕಂಡದ್ದು ಬಲದ ಎಚ್ಚರದಲ್ಲಿ ಮಾತ್ರ. ಹಾಗಾಗಿ ಅದನ್ನೇ ಅಭ್ಯಾಸ ಮಾಡಿಸಬೇಕೆಂಬ ವಾದಕ್ಕೆ ತೂಕವಿತ್ತು. ಆದರೆ ಓಟಿಯ ಹಿರಿಯ ಸಿಸ್ಟರ್ ಒಬ್ಬರು ಎತ್ತಿದ ಪ್ರಶ್ನೆ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅವರು ಕೇಳಿದ್ದು ಇಷ್ಟೇ: “ಡಾಕ್ಟರ್ ಕನ್ಸೋಲ್‌ನ್ಯಾಗ ಕುಂತಾಗ ರಕ್ತ ಬಂದ್ರ, ಪೇಷಂಟ್ ಹತ್ರ ಇರೂದು ನಾನು ಮತ್ತ ಒಬ್ಬ ಫಸ್ಟ್ ಇಯರ್ ಹುಡುಗ. ಎದಿ ಯಾರು ತಗೀಬೇಕ್ರಿ?”

ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಟೇಬಲ್ ಪಕ್ಕದ ಸಹಾಯಕನ ಕೆಲಸವನ್ನು ನಾವು ಉಪಕರಣ ಬದಲಿಸುವ, ಹೀರುಗೊಳವೆ ಹಿಡಿಯುವ ಕೆಲಸವೆಂದುಕೊಂಡು ತಂಡದ ಅತಿ ಕಿರಿಯರಿಗೆ ಬಿಟ್ಟಿದ್ದೆವು. ಎಷ್ಟೋ ಕಡೆ ಈಗಲೂ ಹಾಗೇ ನಡೆದಿದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಇದರಿಂದ ಅಷ್ಟೇನೂ ತೊಂದರೆ ಆಗಲಿಕ್ಕಿಲ್ಲ. ಎದೆಯಲ್ಲಿ ಹರಿಯುವುದು ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸ ಅಪಧಮನಿಯಾದರೆ ಅದರ ಗೋಡೆ ಒದ್ದೆ ಕಾಗದದಂತೆ. ಇಕ್ಕಳದಿಂದ ಹಿಡಿಯಹೋದರೆ ಹರಕು ದೊಡ್ಡದಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಅದರೊಳಗಿನ ಒತ್ತಡ ದೇಹದ ಉಳಿದ ಅಪಧಮನಿಗಳಂತಿಲ್ಲ: ತೋಳಿನಲ್ಲಿ ಬಿಪಿ 120 ಇರುವಾಗ ಅಲ್ಲಿ ಸಾಮಾನ್ಯವಾಗಿ 25ರ ಆಸುಪಾಸು. ಗಾಜ್ ಬಟ್ಟೆಯ ಸುರುಳಿಯಿಂದ ಒತ್ತಿದರೆ ಬಹುತೇಕ ಸಲ ರಕ್ತ ನಿಲ್ಲುತ್ತದೆ. ಒತ್ತಿ ಹಿಡಿದು ಸಮಯ ಗಳಿಸುವುದು, ಆ ಸಮಯದಲ್ಲಿ ಬೇಕಾದರೆ ಎದೆ ತೆರೆಯುವುದು, ಇವೆರಡನ್ನೂ ಬಲ್ಲವರು ರೋಗಿಯ ಪಕ್ಕದಲ್ಲಿರಬೇಕು.

ಸಮಿತಿ ಮಾಡಿದ ನಿರ್ಧಾರ ಕಿರಿಯ ವೈದ್ಯೆಗೆ ಮೊದಲು ಶಿಕ್ಷೆಯಂತೆ ಕಂಡಿತು. ಅವರನ್ನು ಕನ್ಸೋಲಿನಿಂದ ಟೇಬಲ್ ಪಕ್ಕಕ್ಕೆ ಕಳಿಸಲಾಯಿತು. ಅದರ ಜತೆಗೆ, ಕ್ಷಯದ ಕೀವು ತುಂಬಿದ ಎದೆಗಳನ್ನು ತೆರೆದು ಶ್ವಾಸಕೋಶದ ಮೇಲಿನ ದಪ್ಪ ಪೊರೆ ಸುಲಿಯುವ ಶಸ್ತ್ರಚಿಕಿತ್ಸೆಗಳಲ್ಲಿ ಮುಖ್ಯ ಕೈಯಾಗಿ ನಿಲ್ಲಿಸಲಾಯಿತು. ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಿ ಕಲಿಯುವವರಿಗೆ ತೆರೆದ ಎದೆ ನೋಡಸಿಗುವುದೇ ಅಪರೂಪವಾಗುತ್ತಿದೆ. ನಮ್ಮಲ್ಲಿ ಆ ಕೊರತೆ ಇಲ್ಲ. ಇದನ್ನು ಭಾಗ್ಯವೆನ್ನಲು ಬಾಯಿ ಬರುವುದಿಲ್ಲ, ಆದರೆ ತರಬೇತಿಗೆ ಅದು ಒದಗಿತು.

ಇದರೊಡನೆ ಮೂರು ಏರ್ಪಾಡುಗಳು ಬಂದವು. ಶಸ್ತ್ರಚಿಕಿತ್ಸೆಯನ್ನು ಹಂತಗಳಾಗಿ ಒಡೆದು, ಯಾವ ಹಂತ ಕಿರಿಯರದು, ಯಾವುದು ಹಿರಿಯರದು ಎಂಬುದನ್ನು ಹಿಂದಿನ ದಿನವೇ ಸ್ಕ್ಯಾನ್ ನೋಡುತ್ತ ಬಿಳಿ ಹಲಗೆಯ ಮೇಲೆ ಬರೆಯಬೇಕು. ತನ್ನ ಹಂತ ಮುಗಿಸಿದ ಕಿರಿಯರು ಪರದೆ ನೋಡುತ್ತ ಕುಳಿತುಕೊಳ್ಳದೆ ಕೈ ತೊಳೆದು ಟೇಬಲ್ ಪಕ್ಕಕ್ಕೆ ಹೋಗಬೇಕು. ಮೂರನೆಯದು, ರಕ್ತಸ್ರಾವದ ಅಣಕು ಅಭ್ಯಾಸ: ಬೊಂಬೆಯನ್ನು ಮಗ್ಗುಲಾಗಿ ಮಲಗಿಸಿ, ಯಂತ್ರದ ತೋಳುಗಳನ್ನು ಜೋಡಿಸಿ, ಒಂದು ತೋಳು ಗಾಜ್ ಬಟ್ಟೆಯಿಂದ ಒತ್ತಿ ಹಿಡಿದಿರುವಾಗ ಉಳಿದವನ್ನು ಬಿಚ್ಚಿ ತೆಗೆದು, ಆ ಒಂದು ತೋಳಿನ ಅಡ್ಡಿಯ ನಡುವೆಯೇ ಎಲ್ಲಿ ಕೊಯ್ಯಬೇಕೆಂಬುದನ್ನು ಗುರುತು ಹಾಕುವುದು. ಮೊದಲ ಅಭ್ಯಾಸಗಳು ನಗೆಪಾಟಲಾದವು. ತೋಳು ಬಿಚ್ಚುವ ಗುಂಡಿ ಯಾವುದೆಂದು ಇಬ್ಬರು ವಾದಿಸುತ್ತಿದ್ದಾಗ ಬೊಂಬೆಯ ‘ರಕ್ತ’ವೆಲ್ಲ ಮುಗಿದಿತ್ತು.

ಎರಡನೆಯ ಏರ್ಪಾಡನ್ನು ಕಿರಿಯ ವೈದ್ಯೆ ಬಲವಾಗಿ ವಿರೋಧಿಸಿದ್ದರು. ಅಪಧಮನಿಯನ್ನು ಬಿಡಿಸುವ ಹಂತವೇ ಕಲಿಯಬೇಕಾದದ್ದು, ಅದನ್ನು ಹಿರಿಯರ ಬೆನ್ನ ಹಿಂದೆ ನಿಂತು ದೊಡ್ಡ ಪರದೆಯಲ್ಲಿ ನೋಡಿದರೆ ಹೆಚ್ಚು ತಿಳಿಯುತ್ತದೆ, ಟೇಬಲ್ ಪಕ್ಕದಲ್ಲಿ ಹೀರುಗೊಳವೆ ಹಿಡಿದರೆ ಅರ್ಧ ಗಮನ ಅದಕ್ಕೇ ಹೋಗುತ್ತದೆ ಎಂಬುದು ಅವರ ವಾದ. ಅದು ನ್ಯಾಯವಾದ ಮಾತೇ. ವಿಡಿಯೊವನ್ನು ಆಮೇಲೆ ಎಷ್ಟು ಬಾರಿಯಾದರೂ ನೋಡಬಹುದು, ಟೇಬಲ್ ಪಕ್ಕದ ಜಾಗವನ್ನು ಆಮೇಲೆ ತುಂಬಲಾಗುವುದಿಲ್ಲ ಎಂಬ ಉತ್ತರದೊಂದಿಗೆ ಸಮಿತಿ ಅದನ್ನು ತಳ್ಳಿಹಾಕಿತು. ಅವರು ಒಪ್ಪಿದರು, ಮನಸ್ಸಿನಿಂದಲ್ಲ.

ರೋಗಿ

ಕೆಲವು ತಿಂಗಳ ನಂತರ ಬಂದವರು ಹಾವೇರಿ ಜಿಲ್ಲೆಯ ಹಳ್ಳಿಯೊಂದರ, ಮೂವತ್ತು ದಾಟಿದ ಹೆಣ್ಣುಮಗಳು. ಹಂಗಾಮಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಕೆಮ್ಮನ್ನು ಮೆಣಸಿನಕಾಯಿಯ ಘಾಟಿನ ಲೆಕ್ಕಕ್ಕೆ ಹಾಕಿ ಬಹಳ ಕಾಲ ಸುಮ್ಮನಿದ್ದರು. ಕಫದಲ್ಲಿ ರಕ್ತ ಮತ್ತೆ ಮತ್ತೆ ಬಂದಾಗ ಜಿಲ್ಲಾ ಆಸ್ಪತ್ರೆಗೆ ಹೋದರು. ಮದುವೆಗೆ ಮೊದಲು ಕ್ಷಯಕ್ಕೆ ಚಿಕಿತ್ಸೆ ಪಡೆದಿದ್ದರು. ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದ ಕೆಳ ಹಾಲೆ ಪೂರ್ತಿ ಹಾಳಾಗಿತ್ತು, ಮೇಲಿನ ಹಾಲೆ ಚೆನ್ನಾಗಿತ್ತು. ಎದೆಗೋಡೆಗೆ ಅಂಟು ಕಡಿಮೆ ಕಂಡಿತು. ಎರಡು ಹಾಲೆಗಳ ನಡುವಿನ ಸೀಳಿನಲ್ಲಿ, ಕೆಳ ಹಾಲೆಗೆ ಹೋಗುವ ಅಪಧಮನಿಯ ಮಗ್ಗುಲಲ್ಲಿ, ಸುಣ್ಣಗಟ್ಟಿದ ಒಂದು ಗ್ರಂಥಿ ಇತ್ತು.

ಹಲಗೆಯ ಮೇಲೆ ಬರೆದದ್ದು ಹೀಗೆ: ಅಂಟು ಬಿಡಿಸುವುದು, ಶ್ವಾಸಕೋಶದ ಕೆಳಗಿನ ಬಂಧಕ ಪೊರೆಯನ್ನು ಕತ್ತರಿಸುವುದು, ಕೆಳ ಹಾಲೆಯ ಅಭಿಧಮನಿಯನ್ನು ಬಿಡಿಸಿ ಸ್ಟೇಪ್ಲರ್ ಹಾಕುವುದು, ಇಷ್ಟು ಕಿರಿಯರದು, ಅಪಧಮನಿ ಮತ್ತು ಬ್ರಾಂಕಸ್ (ಶ್ವಾಸನಾಳದ ಕವಲು) ಹಿರಿಯರದು.

ಒಪ್ಪಿಗೆ ಪತ್ರದ ಹೊತ್ತಿನಲ್ಲಿ ಆಕೆಯ ಗಂಡ ಕೇಳಿದ ಪ್ರಶ್ನೆ ನಮ್ಮ ಕಡೆ ಎಲ್ಲರೂ ಕೇಳುವುದೇ: “ರೋಬೋಟ್ ತಾನ ಆಪರೇಷನ್ ಮಾಡತೈತೇನ್ರಿ? ನಡುವ ಕರೆಂಟ್ ಹೋದ್ರ?” ಉತ್ತರಿಸಿದ್ದು ಕಿರಿಯ ವೈದ್ಯೆ. “ಯಂತ್ರ ತಾನಾಗಿ ಏನೂ ಮಾಡೂದಿಲ್ರಿ ಅಣ್ಣಾರ. ನಮ್ಮ ಕೈ ಹೆಂಗ ಆಡತಾವ, ಅದರ ಕೈ ಹಂಗ ಆಡತಾವ. ಕರೆಂಟ್ ಹೋದ್ರ ಬ್ಯಾಟರಿ ಐತಿ. ಸ್ವಲ್ಪ ಕೆಲಸ ನಾ ಮಾಡತೇನಿ, ದೊಡ್ಡ ಕೆಲಸ ದೊಡ್ಡ ಡಾಕ್ಟರ್ ಮಾಡತಾರ. ತ್ರಾಸ ಆತಂದ್ರ ಎದಿ ತಗದು ಮಾಡತೇವಿ. ಅದನ್ನೆಲ್ಲ ಈಗ ಹೇಳೇ ಸಹಿ ತಗೊಳ್ಳಾಕತ್ತೇವಿ.” ಕಲಿಯುತ್ತಿರುವವರ ಕೈ ಯಾವ ಭಾಗದಲ್ಲಿರುತ್ತದೆ ಎಂಬುದನ್ನು ರೋಗಿಯ ಮನೆಯವರಿಗೆ ಇಷ್ಟು ಬಿಚ್ಚಿ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಓಟಿಯಲ್ಲಿ ನಡೆದದ್ದು

ಎರಡು ಕವಲಿನ ನಳಿಕೆ ಹಾಕಿ ಎಡ ಶ್ವಾಸಕೋಶವನ್ನು ಗಾಳಿಯಿಂದ ಬಿಡಿಸಿ, ರೋಗಿಯನ್ನು ಬಲ ಮಗ್ಗುಲಿಗೆ ಮಲಗಿಸಿದೆವು. ಎದೆಯೊಳಗೆ ಕಾರ್ಬನ್ ಡೈಆಕ್ಸೈಡನ್ನು ಕಡಿಮೆ ಒತ್ತಡದಲ್ಲಿಯೇ ತುಂಬಬೇಕು. ಹೆಚ್ಚಾದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ. ತೋಳುಗಳು ಜೋಡಣೆಯಾದ ಮೇಲೆ ರೋಗಿಯ ಮೈ ನನ್ನ ಕೈಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ದಪ್ಪ ಸೂಜಿಗಳು, ಅಪಧಮನಿಯ ಬಿಪಿ ತಂತಿ, ಹೊಂದಿಸಿಟ್ಟ ರಕ್ತ, ಎಲ್ಲವೂ ಮೊದಲೇ ಸಿದ್ಧವಿದ್ದವು.

ಕಿರಿಯ ವೈದ್ಯೆಯ ಕೆಲಸ ಅಂದು ಚೆಲುವಾಗಿ ಸಾಗಿತು. ಶ್ವಾಸಕೋಶವನ್ನು ಇಕ್ಕಳದಿಂದ ಕಚ್ಚದೆ ಗಾಜ್ ಬಟ್ಟೆಯ ಸುರುಳಿಯಿಂದ ತಳ್ಳುತ್ತಿದ್ದರು. ಟೇಬಲ್ ಪಕ್ಕದಲ್ಲಿ ನಿಂತು ಎಷ್ಟೋ ಸಲ ಹರಿದದ್ದನ್ನು ಹತ್ತಿರದಿಂದ ಕಂಡವರ ಎಚ್ಚರ ಅದು. ಅಭಿಧಮನಿಗೆ ಸ್ಟೇಪ್ಲರ್ ಬಿತ್ತು. ಆಗ ಹಿರಿಯರು ಹೇಳಿದರು: “ಇಷ್ಟ ಚಲೋ ನಡದೈತಿ. ಆರ್ಟರಿನೂ ನೀವ ಮಾಡ್ರಿ, ನಾ ಬಾಜೂಕ ಇರತೇನಿ.”

ಕಲಿಯುವವರು ಇಂಥ ಮಾತಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಿರಿಯ ವೈದ್ಯೆ ಕನ್ಸೋಲಿನಿಂದ ತಲೆ ಹೊರತೆಗೆದರು. ತಲೆ ತೆಗೆದೊಡನೆ ಉಪಕರಣಗಳು ಇದ್ದಲ್ಲೇ ಸ್ಥಿರವಾಗುವಂತೆ ಯಂತ್ರದಲ್ಲಿ ವ್ಯವಸ್ಥೆಯಿದೆ. “ಬ್ಯಾಡ್ರಿ ಸರ್. ಗ್ರಂಥಿ ಅಲ್ಲೇ ಐತಿ. ನಿನ್ನೆ ಬರದಂಗ ಮಾಡೂಣು,” ಎಂದರು. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, ಕನ್ಸೋಲಿಗೆ ಕುಳಿತರು. ಕಿರಿಯ ವೈದ್ಯೆ ಕೈ ತೊಳೆದು, ಗೌನು ತೊಟ್ಟು ಟೇಬಲ್ ಪಕ್ಕಕ್ಕೆ ಬಂದರು. ಮೊದಲ ವರ್ಷದ ಹುಡುಗ ಎರಡನೆಯ ಸಹಾಯಕನಾಗಿ ಹಿಂದೆ ಸರಿದ.

ಗ್ರಂಥಿ ಅಪಧಮನಿಯ ಕವಲಿಗೆ ಸ್ಕ್ಯಾನ್ ತೋರಿಸಿದ್ದಕ್ಕಿಂತ ಬಿಗಿಯಾಗಿ ಅಂಟಿತ್ತು. ಹಿರಿಯರು ಅದರ ಅಂಚನ್ನು ಬಿಡಿಸುತ್ತಿರುವಾಗ ಪರದೆ ಕೆಂಪಾಯಿತು. ಅವರು ಮೊದಲೇ ಒಳಗಿಟ್ಟಿದ್ದ ಗಾಜ್ ಬಟ್ಟೆಯ ಸುರುಳಿಯನ್ನು ಎಡ ತೋಳಿನಿಂದ ಎತ್ತಿ ಒತ್ತಿದರು. “ಒತ್ತೀನಿ. ಯಾರೂ ಏನೂ ತಗೀಬ್ಯಾಡ್ರಿ.” ಬಿಪಿ ಇಳಿಯಿತು, ರಕ್ತ ಹಾಕಲು ಆರಂಭಿಸಿದೆ. ಕಿರಿಯ ವೈದ್ಯೆ ಹೀರುಗೊಳವೆಯಿಂದ ಸುತ್ತಲಿನ ರಕ್ತ ತೆಗೆದು, ಕ್ಯಾಮೆರಾ ಒರೆಸಿಕೊಟ್ಟರು. ಒತ್ತಿದಷ್ಟು ಹೊತ್ತು ರಕ್ತ ನಿಂತಿತ್ತು. ಕೆಲವು ನಿಮಿಷಗಳ ನಂತರ ಮೆಲ್ಲಗೆ ಸಡಿಲಿಸಿ ನೋಡಿದಾಗ ಮತ್ತೆ ಚಿಮ್ಮಿತು. ಹರಕಿನ ಮೇಲ್ಭಾಗದಲ್ಲಿ ಅಪಧಮನಿಯನ್ನು ಸುತ್ತುವರಿದು ಹಿಡಿಯಲು ಜಾಗವಿರಲಿಲ್ಲ. ಯಂತ್ರದಿಂದಲೇ ಹೊಲಿಗೆ ಹಾಕಬಹುದೇ ಎಂದು ಹಿರಿಯರು ಒಮ್ಮೆ ಯೋಚಿಸಿದ್ದರೆಂದು ಆಮೇಲೆ ತಿಳಿಯಿತು. ಮೇಲ್ಭಾಗದ ಹಿಡಿತವಿಲ್ಲದೆ ಅಲ್ಲಿ ಸೂಜಿ ಹಾಕುವುದಿಲ್ಲವೆಂದು ನಿರ್ಧರಿಸಿ, “ಎದಿ ತಗೀರಿ” ಎಂದರು.

ಅವರು ಕನ್ಸೋಲಿನಿಂದ ಏಳುವಂತಿರಲಿಲ್ಲ. ಎದ್ದರೆ ತೋಳು ಇದ್ದಲ್ಲೇ ನಿಲ್ಲುವುದೇನೋ ನಿಜ. ಆದರೆ ಹೃದಯದ ಪ್ರತಿ ಬಡಿತಕ್ಕೆ ಅಲುಗುವ ಜಾಗದ ಮೇಲಿನ ಒತ್ತಡವನ್ನು ಕಣ್ಣಿಟ್ಟು ಸರಿಪಡಿಸುತ್ತಿರಬೇಕು. ಆದ್ದರಿಂದ ಎದೆ ತೆರೆಯಬೇಕಾದವರು ಕಿರಿಯ ವೈದ್ಯೆ. ಉಳಿದ ಎರಡು ತೋಳುಗಳ ಉಪಕರಣಗಳನ್ನು ನೇರಗೊಳಿಸಿ ಹೊರತೆಗೆದರು. ಕ್ಯಾಮೆರಾವನ್ನೂ ಒತ್ತಿ ಹಿಡಿದ ತೋಳನ್ನೂ ಇದ್ದಲ್ಲೇ ಬಿಟ್ಟರು. ಆ ತೋಳಿನ ಕೆಳಗೆ ಬಗ್ಗಿ, ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಕೊಯ್ದರು. ಬೊಂಬೆಯ ಮೇಲೆ ಗುರುತು ಹಾಕಿದ ಜಾಗವೇ ಅದು. ಪಕ್ಕೆಲುಬು ಅಗಲಿಸುವ ಉಪಕರಣ ಕೂತ ಮೇಲೆ ಅವರ ಕೈ ಒಳಗೆ ಹೋಗಿ, ಬೆರಳು ಗಾಜ್ ಬಟ್ಟೆಯ ಮೇಲೆ ಬಂದಿತು. “ಸರ್, ನನ್ನ ಬೆರಳು ಕುಂತೈತಿ. ನೀವು ಸಾವಕಾಶ ಬಿಡ್ರಿ.” ಹಿರಿಯರು ಬಿಟ್ಟರು. ರಕ್ತ ಬರಲಿಲ್ಲ. ಆಗ ಅವರು ಎದ್ದು ಕೈ ತೊಳೆಯಲು ಓಡಿದರು. ತಂತ್ರಜ್ಞ ಯಂತ್ರವನ್ನು ಹಿಂದಕ್ಕೆ ಸರಿಸಿದ. ಹಿರಿಯರು ಗೌನು ತೊಟ್ಟು ಬರುವವರೆಗೂ ಆ ಬೆರಳು ಅಲ್ಲಿಂದ ಕದಲಲಿಲ್ಲ. ಮೊಣಕಾಲು ನಡುಗುತ್ತಿದ್ದದ್ದು ನಾನು ಕುಳಿತ ಕಡೆಯಿಂದ ಕಾಣುತ್ತಿತ್ತು, ಕೈ ಮಾತ್ರ ನಿಂತಿತ್ತು.

ಎಡ ಪುಪ್ಪುಸ ಅಪಧಮನಿಯ ಬುಡವನ್ನು ಕ್ಲಾಂಪಿನಿಂದ ಹಿಡಿದು, ಹರಕಿಗೆ ಸಣ್ಣ ಪ್ರೊಲೀನ್ ದಾರದ ಹೊಲಿಗೆ ಹಾಕಿ, ಕೆಳ ಹಾಲೆಯನ್ನು ತೆರೆದ ಎದೆಯಲ್ಲೇ ತೆಗೆದರು. ಗ್ರಂಥಿಯ ಒಂದು ಚೂರನ್ನು ಅಪಧಮನಿಯ ಮೇಲೇ ಬಿಟ್ಟರು. ರೋಗಿ ಮರುದಿನ ಮಾತಾಡಿದರು. ಗಾಳಿ ಸೋರಿಕೆ ನಿಂತು ಎದೆಯ ಕೊಳವೆ ತೆಗೆದ ಮೇಲೆ ಊರಿಗೆ ಹೋದರು. ಕಫದಲ್ಲಿ ರಕ್ತ ಮತ್ತೆ ಬಂದಿಲ್ಲ.

ಆ ಮೇಲಿನ ಚರ್ಚೆ

ಮೊದಲ ತಕರಾರು ಬಿಲ್ಲಿನದು. ಎದೆ ತೆರೆದೇ ಮಾಡಿದ ಮೇಲೆ ರೋಬೋಟಿನ ರೊಕ್ಕ ಯಾಕೆ ಕೊಡಬೇಕೆಂದು ಗಂಡ ಕೇಳಿದ್ದು ಸರಿಯಾದ ಪ್ರಶ್ನೆ. ಈ ಯಂತ್ರದ ಉಪಕರಣಗಳನ್ನು ಇಂತಿಷ್ಟೇ ಬಾರಿ ಬಳಸಬಹುದೆಂಬ ಮಿತಿಯಿದೆ. ಬಳಸಿದ ಮೇಲೆ ಆ ಖರ್ಚು ಯಾರದಾದರೂ ತಲೆಯ ಮೇಲೆ ಬೀಳಲೇಬೇಕು. ತರಬೇತಿಯ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆ ತೆರೆದ ವಿಧಾನಕ್ಕೆ ಬದಲಾದರೆ ರೋಬೋಟಿನ ಹೆಚ್ಚುವರಿ ಶುಲ್ಕ ಬಿಡಬೇಕೆಂದು ಸಮಿತಿ ಪಟ್ಟು ಹಿಡಿದು ಬರೆಸಿತು. ತೆರೆಯಲು ಹಿಂಜರಿಯುವುದಕ್ಕೆ ಹಣದ ಕಾರಣವೊಂದು ಸೇರಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ವಿಡಿಯೊ ನೋಡುವ ಸಭೆಯಲ್ಲಿ ಯಾರೂ ಎಣಿಸದಿದ್ದ ಒಂದು ಸಂಗತಿ ಹೊರಬಂತು. ಹರಿಯುವುದಕ್ಕೆ ಸ್ವಲ್ಪ ಮೊದಲು ಹಿರಿಯರೇ ವಿಡಿಯೊ ನಿಲ್ಲಿಸಿ ಮೂರನೆಯ ತೋಳನ್ನು ತೋರಿಸಿದರು. ಅಭಿಧಮನಿಯ ಹಂತದಲ್ಲಿ ಹಾಲೆಯನ್ನು ಎಳೆದು ಹಿಡಿಯಲು ಕಿರಿಯ ವೈದ್ಯೆ ಇಟ್ಟಿದ್ದ ತೋಳು ಅದು. ಅಭಿಧಮನಿ ಕತ್ತರಿಸಿದ ಮೇಲೆ ಹಾಲೆ ಸಡಿಲಾಗಿ, ಎಳೆತವೆಲ್ಲ ಅಪಧಮನಿಯ ಮೇಲೆ ಬಂದಿತ್ತು. ಕವಲು ಬಿಗಿದು ಬಿಳುಪೇರಿದ್ದು ಪರದೆಯಲ್ಲಿ ಕಾಣುತ್ತಿತ್ತು. ಎಳೆತ ಕೈಗೆ ತಿಳಿಯದ ಯಂತ್ರದಲ್ಲಿ, ಹಿಂದಿನವರು ಬಿಟ್ಟುಹೋದ ಎಳೆತವನ್ನು ಹೊಸದಾಗಿ ಕುಳಿತವರು ಹಾಗೇ ಪಡೆದುಕೊಂಡಿದ್ದರು. ಹರಿದದ್ದು ಇದರಿಂದಲೋ, ಗ್ರಂಥಿಯ ಅಂಟಿನಿಂದಲೋ ಎಂದು ಬೇರ್ಪಡಿಸಿ ಹೇಳಲಾಗದು, ಎರಡೂ ಸೇರಿರಬಹುದು. ಆದರೆ ಒಂದೇ ಕನ್ಸೋಲಿರುವಲ್ಲಿ ಕೈ ಬದಲಾಗುವ ಹೊತ್ತು ಎಷ್ಟು ನಾಜೂಕಿನದೆಂಬುದು ಅಂದು ಗೊತ್ತಾಯಿತು. ಈಗ ನಮ್ಮಲ್ಲಿ ಕನ್ಸೋಲಿಗೆ ಹೊಸದಾಗಿ ಕುಳಿತವರು ಮೊದಲು ಮಾಡಬೇಕಾದ ಕೆಲಸ ಎಳೆಯುವ ತೋಳನ್ನು ಸಡಿಲಿಸಿ, ತಮ್ಮ ಕಣ್ಣೆದುರು ಹೊಸದಾಗಿ ಹಿಡಿಯುವುದು. ಟೇಬಲ್ ಪಕ್ಕದವರು “ಸಡಿಲಾತು” ಎಂದು ಕೂಗಿ ಹೇಳುವವರೆಗೆ ಮುಂದುವರಿಯುವಂತಿಲ್ಲ.

ಕಿರಿಯ ವೈದ್ಯೆ ‘ಬ್ಯಾಡ್ರಿ’ ಎಂದದ್ದರ ಬಗ್ಗೆ ಸಭೆಯಲ್ಲಿ ಹೊಗಳಿಕೆಯೇನೋ ಬಂತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಹಲಗೆಯ ಮೇಲಿನ ಬರಹ. ಗುರುವಿನ ಆಹ್ವಾನವನ್ನು ಶಿಷ್ಯೆ ಎಲ್ಲರೆದುರು ನಿರಾಕರಿಸುವುದು ನಮ್ಮ ವೈದ್ಯಕೀಯ ಕಾಲೇಜುಗಳ ಗಾಳಿಯಲ್ಲಿ ಸುಲಭವಲ್ಲ; ‘ನಿನ್ನೆ ಬರದಂಗ’ ಎನ್ನಲು ನಿನ್ನೆ ಬರೆದದ್ದೊಂದು ಇತ್ತು. ಆಕೆಯ ಧೈರ್ಯವನ್ನು ನಂಬಿ ತರಬೇತಿ ರೂಪಿಸಲು ಬರುವುದಿಲ್ಲ, ಹಲಗೆಯನ್ನು ನಂಬಬಹುದು. ಮತ್ತೊಂದು, ಅವರು ಆಹ್ವಾನ ಒಪ್ಪಿ ಕನ್ಸೋಲಿನಲ್ಲೇ ಉಳಿದಿದ್ದರೆ, ಹಿರಿಯರು ಬಾಜೂಕ ನಿಂತು ಹೇಳಿಕೊಡುತ್ತಿದ್ದರೆ, ರಕ್ತ ಬಂದಾಗ ಎದೆ ತೆರೆಯಬಲ್ಲ ಇಬ್ಬರೂ ಗೌನಿಲ್ಲದವರೇ ಆಗಿರುತ್ತಿದ್ದರು. ಗಿಯರ್ಸ್ ಮಾಪನದ ಆರು ಅಂಶಗಳಲ್ಲಿ ಈ ಸ್ಥಿತಿಯನ್ನು ಹಿಡಿಯುವಂಥದು ಒಂದೂ ಇಲ್ಲ.

ಈಗಿನ ಸ್ಥಿತಿ

ಹಳೆಯ ಕ್ಷಯವಿರುವ ಎದೆಯಲ್ಲಿ, ಸೀಳ ಬಳಿ ಸುಣ್ಣದ ಗ್ರಂಥಿ ಕಂಡರೆ, ಅಪಧಮನಿಯ ಹಂತವನ್ನು ಕಲಿಯುವವರಿಗೆ ಕೊಡುವುದಿಲ್ಲ. ಕ್ಷಯವಿಲ್ಲದ ರೋಗಿಯೊಬ್ಬರಲ್ಲಿ ಕಿರಿಯ ವೈದ್ಯೆ ಆ ಹಂತವನ್ನು ಮಾಡಿ ಮುಗಿಸಿದ್ದಾರೆ. ಕನ್ಸೋಲಿಗೆ ಕೂರುವ ಮೊದಲು ಟೇಬಲ್ ಪಕ್ಕದ ಅವಧಿ, ತೆರೆದ ಎದೆಯ ಶಸ್ತ್ರಚಿಕಿತ್ಸೆಗಳು, ಬೊಂಬೆಯ ಅಭ್ಯಾಸ, ಇವನ್ನು ಈ ಕ್ರಮದಲ್ಲೇ ದಾಟಬೇಕು. ಎರಡನೆಯ ವರ್ಷದವರ ದೂರು ಇದ್ದೇ ಇದೆ: ಬೇರೆ ಊರಿನ ಸಹಪಾಠಿಗಳು ಈಗಾಗಲೇ ಕನ್ಸೋಲಿನಲ್ಲಿದ್ದಾರೆ, ನಾವಿನ್ನೂ ಹೀರುಗೊಳವೆ ಹಿಡಿದಿದ್ದೇವೆ ಎಂದು. ಸಂದರ್ಶನಕ್ಕೆ ಹೋದಾಗ ಕೇಳುವುದು ಕನ್ಸೋಲಿನ ಸಂಖ್ಯೆಯನ್ನೇ ಹೊರತು ಟೇಬಲ್ ಪಕ್ಕದ ಸಂಖ್ಯೆಯನ್ನಲ್ಲ ಎಂಬ ಅವರ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕಾಗಿ ಟೇಬಲ್ ಪಕ್ಕದ ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ಪ್ರತ್ಯೇಕವಾಗಿ, ಹಿರಿಯರ ಸಹಿಯೊಡನೆ ದಾಖಲಿಸಲು ಆರಂಭಿಸಿದ್ದೇವೆ.

ಆಡಳಿತದೊಡನೆ ಒಂದು ಹಗ್ಗಜಗ್ಗಾಟ ಮುಗಿದಿಲ್ಲ. ಎದೆ ತೆರೆಯಬಲ್ಲವರು ಟೇಬಲ್ ಪಕ್ಕದಲ್ಲಿ ಇಲ್ಲದ ದಿನ ರೋಬೋಟಿಕ್ ಶ್ವಾಸಕೋಶ ಶಸ್ತ್ರಚಿಕಿತ್ಸೆ ನಡೆಸಬಾರದೆಂಬ ನಿಯಮದಿಂದಾಗಿ, ಅವರು ರಜೆಯಲ್ಲೋ ಪರೀಕ್ಷೆಯಲ್ಲೋ ಇದ್ದಾಗ ಯಂತ್ರ ನಮ್ಮ ಪಾಲಿನ ದಿನದಂದು ಖಾಲಿ ನಿಲ್ಲುತ್ತದೆ. ಅಂಥ ದಿನಗಳನ್ನು ಮೂತ್ರಾಂಗ ವಿಭಾಗಕ್ಕೆ ಬಿಟ್ಟುಕೊಟ್ಟು, ಅವರ ಪಟ್ಟಿಯಿಂದ ಬೇರೆ ದಿನ ಪಡೆಯುವ ಪ್ರಸ್ತಾವ ಸದ್ಯಕ್ಕೆ ಎರಡೂ ವಿಭಾಗಗಳ ಮುಖ್ಯಸ್ಥರ ಮೇಜಿನ ಮೇಲಿದೆ.